ಕೊಂಬಿದ್ದದ್ದೆಲ್ಲ ಹಸುವಲ್ಲ

ಬೆಳಗಿನ ಹೊತ್ತು ಐವರ್ನಾಡಿನ ರಸ್ತೆಯಲ್ಲಿ 'ಪೊಂಯ್ ಪೊಂಯ್' ಎಂದು ಹಾರ್ನ್ ಕೇಳಿದರೆ ಮನೆಯ ಬೆಕ್ಕಿಗೂ ಗೊತ್ತಾಗುತ್ತದೆ, ಮೀನಿನವರು ಬಂದರೆಂದು. ಮಂಗಳೂರಿನ ದಕ್ಕೆಯಿಂದ ಸುಮಾರು 80 ಕಿಲೋಮೀಟರ್ ದೂರದ ಈ ಊರಿಗೆ ಕಡಲು ಬರುವುದು ಹೀಗೆ, ದ್ವಿಚಕ್ರ ವಾಹನದ ಹಿಂದೆ ಕಟ್ಟಿದ ಪೆಟ್ಟಿಗೆಯಲ್ಲಿ, ಮಂಜುಗಡ್ಡೆಯ ಚೂರುಗಳ ನಡುವೆ. ಬೂತಾಯಿ, ಬಂಗುಡೆ, ಅದೃಷ್ಟವಿದ್ದ ದಿನ ಅಂಜಲ್, ಕಾನೆ. ಅಡಿಕೆ ತೋಟ, ರಬ್ಬರ್ ತೋಟಗಳ ನಡುವೆ ಬೆಳೆದ ಮಕ್ಕಳಿಗೆ ಕಡಲ ಮೀನೆಂದರೆ ಇಷ್ಟೇ. ಇದಕ್ಕಿಂತ ಹೊರತಾದ ಮೀನು ಕೈಗೆ ಬಂದಾಗ ಏನಾಗುತ್ತದೆ?

ಐವರ್ನಾಡಿನ ಎಂಟನೆಯ ತರಗತಿಯ ಹುಡುಗಿಯೊಬ್ಬಳ ಸೋದರಮಾವ ರಾಮೇಶ್ವರ ಯಾತ್ರೆಗೆ ಹೋಗಿ ಬಂದರು ಎಂದಿಟ್ಟುಕೊಳ್ಳಿ. ಪ್ರಸಾದದ ಜತೆಗೆ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣವನ್ನೂ ತಂದರು. ಬಿಚ್ಚಿ ನೋಡಿದರೆ ಅಂಗೈಯಷ್ಟು ಉದ್ದದ, ಒಣಗಿದ, ಮಾಸಲು ಹಳದಿ ಬಣ್ಣದ ಒಂದು ವಸ್ತು. ತಟ್ಟಿದರೆ ಟಕ್ ಟಕ್ ಎನ್ನುವ ಪೆಟ್ಟಿಗೆ. ಪುಟ್ಟ ಬಾಯಿ, ಗುಂಡಾದ ಕಣ್ಣಿನ ಗುಳಿ, ಹಿಂದೆ ಒಂದು ಬಾಲ. ಹಣೆಯಲ್ಲಿ ಎರಡು ಕೊಂಬು!

"ಇದೆಂತ ಮಾರಾಯ್ತಿ! ಮೀನಿಗೆ ಕೊಂಬು ಇರುವುದು ಬರೆಯುವಾಗ ಮಾತ್ರ ಅಂತ ಗೊತ್ತಿತ್ತು. 'ನ'ಕ್ಕೆ ಕೊಂಬು ಕೊಟ್ಟರೆ 'ನು'. ಇದಕ್ಕೆ ನಿಜವಾಗಿಯೂ ಕೊಂಬು ಉಂಟಲ್ಲ!" ಎಂದು ಅಜ್ಜ ನಕ್ಕರು.

"ಪ್ಲಾಸ್ಟಿಕ್ ಇರಬೇಕು. ಯಾತ್ರಾಸ್ಥಳದಲ್ಲಿ ಮೋಸ ಮಾಡುವವರಿಗೆ ಬರಗಾಲವೇ?" ಎಂದರು ಅಮ್ಮ.

"ನನಗೆ ಜೀವ ಇರುವುದೇ ಬೇಕು. ಗಾಜಿನ ತೊಟ್ಟಿಯಲ್ಲಿ ಸಾಕುತ್ತೇನೆ" ಎಂದ ತಮ್ಮ.

ಹುಡುಗಿಗೆ ಬೇರೆಯೇ ಚಿಂತೆ. ಶಾಲೆಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಇದನ್ನು ಇಡಬೇಕು. ಆದರೆ ಮೇಷ್ಟ್ರ ನಿಯಮ ಕಟ್ಟುನಿಟ್ಟು. ಪ್ರತಿಯೊಂದು ವಸ್ತುವಿನ ಮುಂದೆ ಚೀಟಿ ಇರಬೇಕು, ಚೀಟಿಯಲ್ಲಿ ಎರಡು ಸಾಲು ಸರಿಯಾಗಿರಬೇಕು. ಒಂದು, ಹೆಸರು. ಇನ್ನೊಂದು, ವಾಸಸ್ಥಾನ. 'ಕೊಂಬಿನ ಮೀನು, ಸಮುದ್ರ' ಎಂದು ಬರೆದರೆ ಒಪ್ಪುವವರಲ್ಲ ಅವರು. ಆಕಾಶದಲ್ಲಿ ಹಾರುವುದನ್ನೆಲ್ಲ 'ಹಕ್ಕಿ, ಆಕಾಶ' ಎಂದು ಬರೆದ ಹಾಗಾಯಿತು ಅದು.

ಹಾಗಾದರೆ ಈ ಹುಡುಗಿ ಎಲ್ಲಿಂದ ಆರಂಭಿಸಬೇಕು?

ಎಣಿಕೆಯಿಂದ ಆರಂಭ

ಗುರುತು ಹಿಡಿಯುವ ವಿದ್ಯೆಯ ಮೊದಲ ಪಾಠ ಎಣಿಸುವುದು. ಕೊಂಬು ಎಷ್ಟು? ಎಲ್ಲಿವೆ? ಯಾವ ಕಡೆಗೆ ತಿರುಗಿವೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಏಕೆಂದರೆ ಬೆಚ್ಚನೆಯ ಕಡಲಿನ ಹವಳದ ದಿಬ್ಬಗಳಲ್ಲಿ ಕೊಂಬಿನ ಮೀನು ಎನ್ನಿಸಿಕೊಳ್ಳುವ ಬಗೆಗಳು ಹಲವು. ಅವು ಒಂದೇ ಮನೆತನದವೂ ಅಲ್ಲ.

ಹಣೆಯ ನಡುವೆ ಒಂದೇ ಕೊಂಬು ಮುಂದಕ್ಕೆ ಚಾಚಿಕೊಂಡಿದ್ದರೆ ಅದು ಒಂಟಿಕೊಂಬಿನ ಮೀನು, ವಿಜ್ಞಾನದ ಹೆಸರು ನೇಸೋ ಯುನಿಕಾರ್ನಿಸ್. ಎಪ್ಪತ್ತು ಸೆಂಟಿಮೀಟರ್‌ವರೆಗೆ ಬೆಳೆಯಬಲ್ಲ ಈ ಮೀನಿನ ದೇಹ ಪಕ್ಕದಿಂದ ಒತ್ತಿದಂತೆ ಚಪ್ಪಟೆ. ಮರಿಯಲ್ಲಿ ಕೊಂಬು ಇರುವುದಿಲ್ಲ. ಬೆಳೆಯುತ್ತ ಹೋದಂತೆ ಹಣೆಯ ಮೂಳೆ ಉಬ್ಬಿ ಮೂಡುತ್ತದೆ. ಈ ಮೀನಿನ ನಿಜವಾದ ಆಯುಧ ಕೊಂಬಲ್ಲ. ಬಾಲದ ಬುಡದಲ್ಲಿ ಎರಡೂ ಬದಿಗೆ ನೀಲಿ ಬಣ್ಣದ ಚೂರಿಯಂತಹ ಮೂಳೆಯ ಅಲಗುಗಳಿವೆ. ಹಿಡಿಯಲು ಹೋದವರ ಕೈ ಕೊಯ್ಯುವುದು ಅವೇ. ಆಹಾರ ಮಾತ್ರ ಸಾಧು, ಕಂದು ಬಣ್ಣದ ಕಡಲ ಪಾಚಿ. ಹವಾಯಿ ದ್ವೀಪಗಳಲ್ಲಿ ಈ ಮೀನುಗಳ ವಯಸ್ಸನ್ನು ಲೆಕ್ಕ ಹಾಕಿದ ವಿಜ್ಞಾನಿಗಳಿಗೆ ಐವತ್ತು ವರ್ಷ ದಾಟಿದ ಮೀನೂ ಸಿಕ್ಕಿದೆ.

ಕಪ್ಪು, ಹಳದಿ, ಬಿಳಿಯ ಅಗಲ ಪಟ್ಟೆಗಳು, ಬೆನ್ನಿನ ರೆಕ್ಕೆಯಿಂದ ಹಿಂದಕ್ಕೆ ಹಾರುವ ಉದ್ದನೆಯ ಬಿಳಿ ಎಳೆ, ಕಣ್ಣಿನ ಮುಂದೆ ಸಣ್ಣ ಮುಳ್ಳಿನಂತಹ ಕೊಂಬು. ಇವು ಕಂಡರೆ ಅದು ಝಾಂಕ್ಲಸ್ ಕಾರ್ನ್ಯೂಟಸ್. 'ಕಾರ್ನ್ಯೂಟಸ್' ಎಂದರೆ ಲ್ಯಾಟಿನ್ ಭಾಷೆಯಲ್ಲಿ ಕೊಂಬುಳ್ಳದ್ದು. 2003ರಲ್ಲಿ ಬಂದ 'ಫೈಂಡಿಂಗ್ ನೀಮೋ' ಚಲನಚಿತ್ರ ನೋಡಿದ ಮಕ್ಕಳಿಗೆ ಇದು ಪರಿಚಿತ. ದಂತವೈದ್ಯರ ಗಾಜಿನ ತೊಟ್ಟಿಯಿಂದ ತಪ್ಪಿಸಿಕೊಳ್ಳಲು ಹೊಂಚು ಹಾಕುವ ಗಿಲ್ ಎಂಬ ಮೀನು ಈ ಜಾತಿಯದೇ.

ಹುಡುಗಿಯ ಕೈಯಲ್ಲಿರುವುದು ಇವೆರಡೂ ಅಲ್ಲ. ಅವಳು ಮತ್ತೆ ಎಣಿಸಿದಳು. ಮುಂದೆ ಎರಡು ಕೊಂಬು. ತಿರುಗಿಸಿ ನೋಡಿದರೆ ಹಿಂದೆ, ಬಾಲದ ಕೆಳಗೆ, ಹಿಂದಕ್ಕೆ ಚಾಚಿದ ಇನ್ನೆರಡು! ಒಟ್ಟು ನಾಲ್ಕು. ಅಜ್ಜನ ಹಟ್ಟಿಯಲ್ಲಿರುವ ಯಾವ ಹಸುವಿಗೂ ಈ ಭಾಗ್ಯವಿಲ್ಲ.

ಮೂರು ಮೂಲೆ, ಆರು ಮೂಲೆ

ಎರಡನೆಯ ಪಾಠ ಮುಟ್ಟಿ ನೋಡುವುದು. ಬಂಗುಡೆಯ ಮೈ ಮುಟ್ಟಿದರೆ ಸಣ್ಣ ಹುರುಪೆಗಳು ಸಿಗುತ್ತವೆ. ಬೆರಳೊತ್ತಿದರೆ ಮಾಂಸ ಬಗ್ಗುತ್ತದೆ. ಈ ಮೀನಿಗೆ ಹುರುಪೆಯಿಲ್ಲ. ಬದಲಿಗೆ ಮೈತುಂಬ ಆರು ಮೂಲೆಯ ಬಿಲ್ಲೆಗಳು, ಒಂದಕ್ಕೊಂದು ಅಂಟಿಕೊಂಡು ಜೇನುಹಲ್ಲೆಯಂತೆ ಕಾಣುತ್ತವೆ. ಇವು ಮೂಳೆಯ ಬಿಲ್ಲೆಗಳು. ಎಲ್ಲವೂ ಬೆಸೆದು ಇಡೀ ದೇಹ ಒಂದು ಗಟ್ಟಿ ಪೆಟ್ಟಿಗೆಯಾಗಿದೆ. ಬಾಯಿ, ಕಣ್ಣು, ಕಿವಿರು, ರೆಕ್ಕೆ, ಮಲದ್ವಾರ ಮತ್ತು ಬಾಲಕ್ಕೆ ಮಾತ್ರ ಅಲ್ಲಲ್ಲಿ ಕಿಂಡಿ ಬಿಟ್ಟಿದೆ. ಆದ್ದರಿಂದಲೇ ಈ ಕುಟುಂಬಕ್ಕೆ ಪೆಟ್ಟಿಗೆ ಮೀನುಗಳು ಎಂದು ಹೆಸರು. ಹೊಟ್ಟೆಯ ಬಳಿ ಇರಬೇಕಾದ ಜೋಡಿ ರೆಕ್ಕೆ ಈ ಕುಟುಂಬದ ಯಾವ ಮೀನಿಗೂ ಇಲ್ಲ. ಇದೂ ಒಂದು ಗುರುತು.

ಅಮ್ಮನ ಸಂಶಯಕ್ಕೂ ಇಲ್ಲೇ ಉತ್ತರ ಸಿಗುತ್ತದೆ. ಬಿಲ್ಲೆಗಳ ಮೇಲೆ ಮರಳಿನ ಕಾಳಿನಂತಹ ಸಣ್ಣ ಸಣ್ಣ ಉಬ್ಬುಗಳಿವೆ. ಬಿಲ್ಲೆಯಿಂದ ಬಿಲ್ಲೆಗೆ ಗಾತ್ರ ತುಸು ಬೇರೆ. ಅಚ್ಚಿನಿಂದ ತೆಗೆದ ಪ್ಲಾಸ್ಟಿಕ್ಕಿನಲ್ಲಿ ಈ ಏರುಪೇರು ಬರುವುದು ಕಷ್ಟ. ಕೊಂಬು ಕೂಡ ಆಮೇಲೆ ಅಂಟಿಸಿದ್ದಲ್ಲ, ಪೆಟ್ಟಿಗೆಯ ಮೂಳೆಯೇ ಮುಂದುವರಿದು ಕೊಂಬಾಗಿದೆ. ಹಸುವಿನ ಕೊಂಬಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಹಸುವಿನ ಕೊಂಬಿನ ಒಳಗೆ ಮೂಳೆಯ ತಿರುಳಿದ್ದರೂ ಹೊರಗಿನ ಹೊದಿಕೆ ಉಗುರಿನ ವಸ್ತುವಿನದು. ಮೀನಿನ ಕೊಂಬಿಗೆ ಅಂತಹ ಹೊದಿಕೆಯಿಲ್ಲ.

ಮೂರನೆಯ ಪಾಠ ನಂಟರನ್ನು ಬೇರೆ ಮಾಡುವುದು. ನಾಲ್ಕು ಕೊಂಬಿನ ಪೆಟ್ಟಿಗೆ ಮೀನುಗಳೂ ಒಂದೇ ಬಗೆಯವಲ್ಲ. ಬೆನ್ನಿನ ನಡುವೆ ದೊಡ್ಡದೊಂದು ಮುಳ್ಳು ಎದ್ದು ನಿಂತಿದ್ದರೆ ಅದು ಲ್ಯಾಕ್ಟೋರಿಯಾ ಫೋರ್ನಾಸೀನಿ ಎಂಬ ಚಿಕ್ಕ ಜಾತಿ. ಕೊಂಬುಗಳು ತೀರಾ ಗಿಡ್ಡವಾಗಿದ್ದು ಹೊಟ್ಟೆ ಗುಂಡಗಿದ್ದರೆ ಲ್ಯಾಕ್ಟೋರಿಯಾ ಡಯಾಫನಾ. ಮೈ ಗೋಪುರದಂತೆ ಮೂರು ಮೂಲೆಯಾಗಿ ಮೇಲೆ ಏರಿ, ತುದಿಯಲ್ಲಿ ಮುಳ್ಳಿದ್ದರೆ ಅದು ಬೇರೆಯೇ ಕುಲದ ಟೆಟ್ರೊಸೋಮಸ್. ಇನ್ನು ನಾಲ್ಕು ಕೊಂಬಿನ ಮತ್ತೊಂದು ಬಗೆ ಅಮೆರಿಕದ ಪೂರ್ವ ಕರಾವಳಿಯ ಅಟ್ಲಾಂಟಿಕ್ ಸಾಗರದಲ್ಲಿದೆ. ಅದರ ಮೈಮೇಲೆ ನೀಲಿ ಗೆರೆಗಳ ಗೀಚು. ರಾಮೇಶ್ವರದ ಕಡಲಲ್ಲಿ ಅದು ಸಿಗದು. ಮೀನು ಎಲ್ಲಿಂದ ಬಂತು ಎಂಬುದೂ ಗುರುತಿನ ಒಂದು ಭಾಗ ಎಂಬುದಕ್ಕೆ ಇದು ಉದಾಹರಣೆ.

ಹುಡುಗಿಯ ಮೀನಿಗೆ ಬೆನ್ನಿನಲ್ಲಿ ದೊಡ್ಡ ಮುಳ್ಳಿಲ್ಲ. ಕೊಂಬು ಉದ್ದ, ಬಾಲವೂ ಉದ್ದ. ಬಂದದ್ದು ಮನ್ನಾರ್ ಕೊಲ್ಲಿಯ ದಡದಿಂದ. ಇಷ್ಟು ತಿಳಿದ ಮೇಲೆ ಉಳಿಯುವುದು ಒಂದೇ ಹೆಸರು, ಲ್ಯಾಕ್ಟೋರಿಯಾ ಕಾರ್ನ್ಯೂಟಾ. ಕನ್ನಡದಲ್ಲಿ ಉದ್ದ ಕೊಂಬಿನ ಹಸುಮೀನು ಎನ್ನಲಡ್ಡಿಯಿಲ್ಲ. 'ಲ್ಯಾಕ್ಟೋರಿಯಾ' ಎಂಬುದು ಹಾಲಿಗೆ ಸಂಬಂಧಿಸಿದ ಲ್ಯಾಟಿನ್ ಪದದಿಂದ ಬಂದದ್ದು. ಹಾಲು ಕೊಡದ ಮೀನಿಗೆ ಹಾಲಿನ ಹೆಸರು!

ಈ ಪ್ರಭೇದಕ್ಕೆ ವಿಜ್ಞಾನದ ಹೆಸರಿಟ್ಟವರು ಸ್ವೀಡನ್ನಿನ ಕಾರ್ಲ್ ಲಿನೇಯಸ್, 1758ರಲ್ಲಿ. ಅವರು ಭಾರತದ ಕಡಲನ್ನು ಕಂಡವರಲ್ಲ. ಆದರೂ ಅಷ್ಟು ಬೇಗ ಈ ಮೀನಿಗೆ ಹೆಸರು ಬಂದುದರಲ್ಲಿ ಆಶ್ಚರ್ಯವಿಲ್ಲ. ಉಳಿದ ಮೀನುಗಳು ಸತ್ತ ಮರುದಿನ ಕೊಳೆತು ನಾರುತ್ತವೆ. ಪೆಟ್ಟಿಗೆ ಮೀನಾದರೋ ಒಣಗಿದರೂ ಆಕಾರ ಕೆಡುವುದಿಲ್ಲ. ಹಾಗಾಗಿ ಹಡಗಿನವರು ಇಂತಹ ಮೀನುಗಳನ್ನು ಯುರೋಪಿನ ಶ್ರೀಮಂತರ ಕುತೂಹಲದ ಕಪಾಟುಗಳಿಗೆ ಒಯ್ಯುತ್ತಿದ್ದರು. ರಾಮೇಶ್ವರದಿಂದ ಐವರ್ನಾಡಿಗೆ ಮಾವ ತಂದ ಪೊಟ್ಟಣದ ಹಿಂದೆ ಇಷ್ಟು ಹಳೆಯ ಸಂಪ್ರದಾಯವಿದೆ.

ಕೊಂಬು ಯಾಕೆ, ಪೆಟ್ಟಿಗೆ ಯಾಕೆ?

ಜೀವಂತ ಹಸುಮೀನಿನ ಬಣ್ಣ ಹಳದಿಯಿಂದ ಪಾಚಿ ಹಸಿರಿನವರೆಗೆ, ಮೈಮೇಲೆ ತಿಳಿ ನೀಲಿಯ ಚುಕ್ಕೆಗಳು. ದೊಡ್ಡದು 46 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಮರಿ ಹುಟ್ಟುವಾಗ ಕೊಂಬಿಲ್ಲ. ಗುಂಡಗಿನ ಪುಟ್ಟ ಗಟ್ಟಿಯಂತಿದ್ದು, ಬೆಳೆದಂತೆ ಕೊಂಬೂ ಬಾಲವೂ ಉದ್ದವಾಗುತ್ತವೆ. ನುಂಗಲು ಬಂದ ದೊಡ್ಡ ಮೀನಿನ ಗಂಟಲಲ್ಲಿ ಈ ಕೊಂಬು ಅಡ್ಡ ಬೀಳುತ್ತದೆ ಎಂಬುದು ವಿಜ್ಞಾನಿಗಳ ಅಭಿಪ್ರಾಯ.

ಪೆಟ್ಟಿಗೆಯೊಳಗೆ ಕುಳಿತವನಿಗೆ ಮೈ ಬಳುಕಿಸಲಾಗದು. ಬಂಗುಡೆ ಮೈಯನ್ನೇ ಚಾಟಿಯಂತೆ ಬೀಸಿ ಈಜುತ್ತದೆ. ಹಸುಮೀನಿಗೆ ಅದು ಅಸಾಧ್ಯ. ಬೆನ್ನಿನ, ಮಲದ್ವಾರದ ಹಿಂದಿನ ಮತ್ತು ಎದೆಯ ಪುಟ್ಟ ರೆಕ್ಕೆಗಳನ್ನು ಪಟಪಟ ಬಡಿಯುತ್ತ ನಿಧಾನವಾಗಿ ಸಾಗುತ್ತದೆ. ನಿಂತಲ್ಲೇ ನಿಲ್ಲಬಲ್ಲದು, ಇದ್ದಲ್ಲೇ ತಿರುಗಬಲ್ಲದು. ಆಹಾರ ಹುಡುಕುವ ಬಗೆ ಇನ್ನೂ ಚೆಂದ. ಮರಳಿನ ಮೇಲೆ ತಲೆ ಕೆಳಗೆ ಮಾಡಿ ಬಾಯಿಯಿಂದ ನೀರನ್ನು ಜೋರಾಗಿ ಊದುತ್ತದೆ. ಒಲೆಯ ಬೂದಿಯನ್ನು ಊದುಕೊಳವೆಯಿಂದ ಊದಿದಂತೆ ಮರಳು ಹಾರಿ, ಅಡಗಿದ್ದ ಹುಳು, ಸಣ್ಣ ಚಿಪ್ಪುಜೀವಿಗಳು ಹೊರಬೀಳುತ್ತವೆ.

ಇದರ ನಂಟನಾದ ಹಳದಿ ಪೆಟ್ಟಿಗೆ ಮೀನಿನ ಆಕಾರ ನೋಡಿ ಮರ್ಸಿಡಿಸ್ ಬೆಂಝ್ ಕಂಪನಿ 2005ರಲ್ಲಿ 'ಬಯಾನಿಕ್' ಎಂಬ ಮಾದರಿ ಕಾರನ್ನು ಪ್ರದರ್ಶಿಸಿತು. ಗಾಳಿಯನ್ನು ಸುಲಭವಾಗಿ ಸೀಳುವ, ಅಲುಗಾಡದೆ ಸಾಗುವ ಆಕಾರ ಈ ಮೀನಿನದು ಎಂಬುದು ಆಗಿನ ನಂಬಿಕೆ. ಹತ್ತು ವರ್ಷದ ಬಳಿಕ, 2015ರಲ್ಲಿ, ಬೆಲ್ಜಿಯಂನ ಆಂಟ್ವರ್ಪ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಂಗಡಿಗರು ಅಳೆದು ನೋಡಿದಾಗ ಕಂಡದ್ದೇ ಬೇರೆ. ಈ ಆಕಾರ ಮೀನನ್ನು ಸ್ಥಿರವಾಗಿ ಇಡುವುದಿಲ್ಲ, ಬದಲಿಗೆ ಓಲಾಡಿಸುತ್ತದೆ. ಆ ಓಲಾಟವನ್ನೇ ರೆಕ್ಕೆಗಳಿಂದ ಹತೋಟಿಗೆ ತಂದುಕೊಂಡು ಮೀನು ಹವಳದ ಸಂದುಗೊಂದುಗಳಲ್ಲಿ ಚಕ್ಕನೆ ತಿರುಗುತ್ತದೆ. ದೊಡ್ಡ ಕಂಪನಿಯೇ ನಂಬಿದ ಮಾತನ್ನೂ ಮತ್ತೊಮ್ಮೆ ಅಳೆದು ನೋಡಬೇಕು ಎಂಬುದು ವಿದ್ಯಾರ್ಥಿಗಳು ಇಲ್ಲಿ ಕಲಿಯಬೇಕಾದ ಪಾಠ.

ತಮ್ಮನ ಆಸೆ

ತಮ್ಮನ ಗಾಜಿನ ತೊಟ್ಟಿಯ ವಿಚಾರಕ್ಕೆ ಬರುವುದಾದರೆ, ತಂದೆ ತಾಯಂದಿರು ಸ್ವಲ್ಪ ಯೋಚಿಸಬೇಕು. ಪೆಟ್ಟಿಗೆ ಮೀನುಗಳಿಗೆ ಕೊಂಬು, ಗುರಾಣಿ ಸಾಲದೆಂಬಂತೆ ಇನ್ನೊಂದು ರಕ್ಷಣೆಯೂ ಉಂಟು. ಹೆದರಿದಾಗ ಚರ್ಮದಿಂದ ವಿಷದ ಲೋಳೆಯನ್ನು ನೀರಿಗೆ ಬಿಡುತ್ತವೆ. ಹವಾಯಿ ವಿಶ್ವವಿದ್ಯಾಲಯದ ಬಾಯ್ಲನ್ ಮತ್ತು ಶಾಯರ್ ಎಂಬ ರಸಾಯನ ವಿಜ್ಞಾನಿಗಳು 1967ರಲ್ಲಿ ಹವಾಯಿಯ ಪೆಟ್ಟಿಗೆ ಮೀನಿನ ಈ ವಿಷದ ವಿವರ ಪ್ರಕಟಿಸಿದರು. ಅಲ್ಲಿನ ಭಾಷೆಯಲ್ಲಿ ಪೆಟ್ಟಿಗೆಗೆ 'ಪಾಹು' ಎನ್ನುತ್ತಾರೆ. ಅದರಿಂದಲೇ ಆ ವಿಷಕ್ಕೆ ಪಾಹುಟಾಕ್ಸಿನ್ ಎಂಬ ಹೆಸರು ಬಂತು.

ಈ ವಿಷದ ಗುಣ ಸಾಬೂನಿನದು. ಅಜ್ಜನಿಗೆ ಇದು ಬೇಗ ಅರ್ಥವಾಗುತ್ತದೆ. ಹಿಂದೆ ಬೇಸಗೆಯಲ್ಲಿ ಹೊಳೆಯ ಮಡುಗಳಿಗೆ ನೊರೆ ಬರುವ ಕಾಯಿಗಳನ್ನು ಅರೆದು ಹಾಕಿ, ಮೀನು ಮತ್ತೇರಿ ಮೇಲೆ ಬಂದಾಗ ಹಿಡಿಯುವ ಪದ್ಧತಿ ಹಲವೆಡೆ ಇತ್ತು. ನೊರೆಯ ವಸ್ತು ಮೀನಿನ ಕಿವಿರಿಗೆ ತಗಲಿದರೆ ಉಸಿರಾಟ ಕೆಡುತ್ತದೆ. ಪೆಟ್ಟಿಗೆ ಮೀನು ಅಂತಹುದೇ ಕೆಲಸವನ್ನು ತಾನೇ ಮಾಡುತ್ತದೆ. ತೆರೆದ ಕಡಲಿನಲ್ಲಿ ಈ ವಿಷ ಬೇಗ ಕರಗಿ ಹೋಗುತ್ತದೆ. ನಾಲ್ಕು ಗಾಜಿನ ಗೋಡೆಗಳ ನಡುವೆ ಎಲ್ಲಿ ಹೋದೀತು? ತೊಟ್ಟಿಯ ಉಳಿದ ಮೀನುಗಳ ಜತೆಗೆ ವಿಷ ಬಿಟ್ಟ ಮೀನೂ ಸಾಯಬಹುದು. ಬೆರಳುದ್ದದ ಮುದ್ದಾದ ಮರಿಯೆಂದು ಕೊಂಡದ್ದು ಮೊಳದುದ್ದ ಬೆಳೆಯುತ್ತದೆ ಎಂಬುದೂ ನೆನಪಿರಲಿ.

ತಿನ್ನುವ ಪ್ರಶ್ನೆಯಂತೂ ಬೇಡವೇ ಬೇಡ. ಹೊಟ್ಟೆ ಉಬ್ಬಿಸುವ ವಿಷಮೀನುಗಳೂ ಪೆಟ್ಟಿಗೆ ಮೀನುಗಳೂ ಒಂದೇ ಗಣಕ್ಕೆ ಸೇರಿದವು. ಆ ವಿಷಮೀನುಗಳ ನಂಜು ಕುದಿಸಿದರೂ ಹೋಗುವುದಿಲ್ಲ. ಗುರುತಿಲ್ಲದ ಮೀನನ್ನು ಸಾರಿಗೆ ಹಾಕಬಾರದು ಎಂಬ ಹಿರಿಯರ ಮಾತಿನಲ್ಲಿ ಅರ್ಥವಿದೆ. ಗುರುತು ಹಿಡಿಯುವ ವಿದ್ಯೆ ಬರೀ ವಸ್ತುಪ್ರದರ್ಶನದ ಬಹುಮಾನಕ್ಕಲ್ಲ. ಒಮ್ಮೊಮ್ಮೆ ಅದು ಜೀವದ ಪ್ರಶ್ನೆ.

ಎರಡನೆಯ ಸಾಲು

ಚೀಟಿಯ ಮೊದಲ ಸಾಲು ತುಂಬಿತು. ಎರಡನೆಯ ಸಾಲು ವಾಸಸ್ಥಾನ. ಹಸುಮೀನು ಕೆಂಪು ಸಮುದ್ರ, ಆಫ್ರಿಕಾದ ಪೂರ್ವ ಕರಾವಳಿಯಿಂದ ಹಿಂದೂ ಮಹಾಸಾಗರವನ್ನು ದಾಟಿ ಶಾಂತ ಸಾಗರದ ಮಾರ್ಕೇಸಸ್ ದ್ವೀಪಗಳವರೆಗೆ, ಉತ್ತರಕ್ಕೆ ಜಪಾನಿನವರೆಗೆ ಕಂಡುಬರುತ್ತದೆ. ಭಾರತದಲ್ಲಿ ಮನ್ನಾರ್ ಕೊಲ್ಲಿ, ಅಂಡಮಾನ್ ಇದರ ನೆಲೆಗಳು. ಹವಳದ ಮೀನು ಎಂದರೂ ಹವಳದ ಕೊಂಬೆಗಳ ನಡುವೆಯೇ ಇರುತ್ತದೆ ಎಂದಲ್ಲ. ಹವಳದ ದಿಬ್ಬ ಅಲೆಯನ್ನು ತಡೆದು ನಿಲ್ಲಿಸಿದಾಗ ಒಳಗೆ ಶಾಂತವಾದ ನೀರಿನ ಹರವು ಉಂಟಾಗುತ್ತದೆ. ಅಲ್ಲಿನ ಮರಳು, ಕಡಲ ಹುಲ್ಲು, ಪಾಚಿಯ ನಡುವೆ ಬೆಳೆದ ಹಸುಮೀನು ಒಂಟಿಯಾಗಿ ಮೇಯುತ್ತದೆ. ಹುಲ್ಲುಗಾವಲಿನ ಹಸು ಎಂದರೆ ತಪ್ಪಾಗದು. ಹಟ್ಟಿಯ ಗೋಡೆ ಬಿದ್ದರೆ ಹಸುವಿಗೆ ನೆಲೆ ತಪ್ಪುವಂತೆ, ಹವಳದ ಗೋಡೆ ಕುಸಿದರೆ ಈ ಮೀನಿಗೂ ನೆಲೆ ತಪ್ಪುತ್ತದೆ.

"ಹಾಗಾದರೆ ನಮ್ಮ ಮಂಗಳೂರಿನ ಕಡಲಲ್ಲಿ ಹವಳದ ದಿಬ್ಬ ಯಾಕೆ ಇಲ್ಲ ಅಜ್ಜ?" ಎಂಬ ಪ್ರಶ್ನೆ ಸಹಜ. ಉತ್ತರ ಐವರ್ನಾಡಿನ ಅಂಗಳದಲ್ಲೇ ಇದೆ.

ಆಟಿ ತಿಂಗಳ ಮಳೆಯಲ್ಲಿ ತೋಟದ ತೋಡು ಯಾವ ಬಣ್ಣಕ್ಕೆ ತಿರುಗುತ್ತದೆ ಎಂದು ನೋಡಿ. ಕೆಂಪು ಮಣ್ಣು ಕದಡಿ ಚಹಾದಂತೆ ಹರಿಯುತ್ತದೆ. ಸುಳ್ಯದ ಬದಿಯ ಪಯಸ್ವಿನಿ ಕಾಸರಗೋಡಿನ ಬಳಿ ಚಂದ್ರಗಿರಿ ಎಂಬ ಹೆಸರಿನಿಂದ ಕಡಲು ಸೇರುತ್ತದೆ. ಸುಬ್ರಹ್ಮಣ್ಯದ ಕಡೆಯಿಂದ ಬರುವ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನಲ್ಲಿ ಕಡಲಿಗೆ ಬೀಳುತ್ತದೆ. ಘಟ್ಟದ ಮಳೆಯೆಲ್ಲ ಮಣ್ಣಿನ ಸಮೇತ ಕರಾವಳಿಯ ನೀರಿಗೆ ಬಂದು ಸೇರಿ, ನೀರು ಕದಡುತ್ತದೆ, ಉಪ್ಪಿನಂಶ ಇಳಿಯುತ್ತದೆ. ಹವಳವಾದರೋ ಪುಟ್ಟ ಪುಟ್ಟ ಪ್ರಾಣಿಗಳ ಗುಂಪು. ಅವುಗಳ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಬಿಸಿಲಿನಲ್ಲಿ ಆಹಾರ ತಯಾರಿಸಿ ಅವುಗಳಿಗೂ ಪಾಲು ಕೊಡುತ್ತದೆ. ಬಿಸಿಲು ತಳ ಮುಟ್ಟಬೇಕಾದರೆ ನೀರು ತಿಳಿಯಾಗಿರಬೇಕು. ಕೆಸರಿನ ನೀರಿನಲ್ಲಿ ಹವಳದ ಮನೆ ಏಳುವುದಿಲ್ಲ. ಅದೇ ನದಿಗಳು ತಂದ ಸಾರದಿಂದ ಬೂತಾಯಿ, ಬಂಗುಡೆಗೆ ಹೊಟ್ಟೆ ತುಂಬ ಆಹಾರ. ಒಬ್ಬರಿಗೆ ಹಬ್ಬವಾದದ್ದು ಇನ್ನೊಬ್ಬರಿಗೆ ಉಪವಾಸ.

ಹಾಗೆಂದು ಕರ್ನಾಟಕದಲ್ಲಿ ಹವಳವೇ ಇಲ್ಲವೆಂದಲ್ಲ. ಉತ್ತರ ಕನ್ನಡದ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ಕಡಲಲ್ಲಿ ನೇತ್ರಾಣಿ ಎಂಬ ಗುಡ್ಡದಂತಹ ದ್ವೀಪವಿದೆ. ನದಿಗಳ ಕೆಸರು ಅಷ್ಟು ದೂರ ಕಾಡುವುದಿಲ್ಲ. ಅಲ್ಲಿನ ಬಂಡೆಗಳಿಗೆ ಹವಳ ಹತ್ತಿದೆ, ಗಿಳಿಮೀನು, ಚಿಟ್ಟೆಮೀನುಗಳು ತಿರುಗುತ್ತವೆ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಲ್ಲಿನ ಹವಳ ಮೀನುಗಳ ಬಗ್ಗೆ ಅಧ್ಯಯನ ಮಾಡಿದ್ದಾರೆ. ಹಸುಮೀನಿನ ದೂರದ ನಂಟನೊಬ್ಬ, ಕೆಂಪು ಹಲ್ಲಿನ ನೀಲಿಗಪ್ಪು ಮೀನು, ಮಲ್ಪೆ ಮಂಗಳೂರಿನ ಬಲೆಗಳಿಗೂ ರಾಶಿ ರಾಶಿಯಾಗಿ ಬೀಳುವುದುಂಟು. ಮೀನುಗಾರರು ಇದಕ್ಕೆ 'ಕಾರ್ಗಿಲ್' ಎಂದು ಹೆಸರಿಟ್ಟಿದ್ದಾರೆ.

ಒಂದೇ ಜಿಲ್ಲೆಯಾಗಿದ್ದ ಕಾಲ

ಹಿರಿಯರಲ್ಲಿಯೂ ಹಲವರಿಗೆ ಮರೆತುಹೋದ ಸಂಗತಿಯೊಂದು ಇಲ್ಲಿದೆ. ಅರಬ್ಬಿ ಸಮುದ್ರದ ಅಮಿನಿ, ಕಡ್ಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ ದ್ವೀಪಗಳು ಹವಳದಿಂದಲೇ ಆದವು. 1956ರ ನವೆಂಬರ್ 1ರವರೆಗೆ ಅವು ಆಗಿನ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು! ಅವುಗಳ ಆಡಳಿತ ನಡೆಯುತ್ತಿದ್ದುದು ಮಂಗಳೂರಿನಿಂದ. ದ್ವೀಪದವರು ತೆಂಗಿನ ನಾರಿನ ಹಗ್ಗ ತುಂಬಿದ ಹಾಯಿ ಓಡಗಳಲ್ಲಿ ಮಂಗಳೂರಿಗೆ ಬಂದು ಅಕ್ಕಿ ಒಯ್ಯುತ್ತಿದ್ದರು. ರಾಜ್ಯಗಳ ಪುನರ್ವಿಂಗಡಣೆಯ ದಿನ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು, ದ್ವೀಪಗಳು ಕೇಂದ್ರಾಡಳಿತ ಪ್ರದೇಶವಾದವು. 1973ರಲ್ಲಿ ಆ ಪ್ರದೇಶಕ್ಕೆ ಲಕ್ಷದ್ವೀಪ ಎಂಬ ಹೆಸರಾಯಿತು. ಅಂದರೆ ಅಜ್ಜನ ಬಾಲ್ಯದಲ್ಲಿ ಐವರ್ನಾಡಿನ ಅಡಿಕೆ ತೋಟವೂ ಒಂಟಿಕೊಂಬಿನ ಮೀನು ಮೇಯುವ ಹವಳದ ಕೊಳವೂ ಒಂದೇ ಜಿಲ್ಲೆಯ ನಕ್ಷೆಯಲ್ಲಿದ್ದವು.

ಆ ದ್ವೀಪಸಮೂಹದ ಮೀನುಗಳ ಬಗ್ಗೆ ಎಸ್. ಜೋನ್ಸ್ ಮತ್ತು ಎಂ. ಕುಮಾರನ್ 1980ರಲ್ಲಿ ಒಂದು ದೊಡ್ಡ ಗ್ರಂಥ ಪ್ರಕಟಿಸಿದರು. ಅದರಲ್ಲಿ 603 ಪ್ರಭೇದಗಳ ವಿವರವಿದೆ. ಒಂದೊಂದನ್ನೂ ಹಿಡಿದು, ರೆಕ್ಕೆಯ ಕಡ್ಡಿ ಎಣಿಸಿ, ಅಳತೆ ತೆಗೆದು ಬರೆದ ಕೆಲಸ ಅದು. ಹುಡುಗಿ ಜಗಲಿಯಲ್ಲಿ ಕುಳಿತು ಮಾಡಿದ್ದೂ ಅದೇ ಕೆಲಸದ ಮೊದಲ ಹೆಜ್ಜೆ.

ಆದರೆ ಹೆಸರು ಬರೆದಿಟ್ಟ ಮಾತ್ರಕ್ಕೆ ನೆಲೆ ಉಳಿಯುವುದಿಲ್ಲ. ಕಡಲ ನೀರು ಬೇಸಗೆಯ ವಾಡಿಕೆಯ ಬಿಸಿಗಿಂತ ಒಂದೇ ಒಂದು ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೇ ಉಳಿದರೂ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹೀಗೆ ದೊಡ್ಡ ಪ್ರಮಾಣದ ಹಾನಿಯಾಯಿತು. ಅಗತ್ತಿ, ಕಡ್ಮತ್, ಕವರತ್ತಿ ದ್ವೀಪಗಳಲ್ಲಿ 24 ವರ್ಷ ಸತತವಾಗಿ ಅಳೆದ ವಿಜ್ಞಾನಿಗಳ ಪ್ರಕಾರ, 1998ರಲ್ಲಿ ತಳದ ಶೇಕಡಾ 37ರಷ್ಟು ಭಾಗವನ್ನು ಮುಚ್ಚಿದ್ದ ಜೀವಂತ ಹವಳ 2022ರ ಹೊತ್ತಿಗೆ ಶೇಕಡಾ 19ರ ಸುಮಾರಿಗೆ ಇಳಿದಿತ್ತು. ಹೆಚ್ಚುಕಡಿಮೆ ಅರ್ಧ. 2024ರ ಏಪ್ರಿಲ್‌ನಲ್ಲಿ, ಹವಳ ಬಿಳಿಚುವ ನಾಲ್ಕನೆಯ ಜಾಗತಿಕ ಅವಧಿ ನಡೆಯುತ್ತಿದೆ ಎಂದು ವಿಜ್ಞಾನಿಗಳು ಘೋಷಿಸಿದರು.

ಜಗತ್ತಿನ ಕಡಲ ತಳದಲ್ಲಿ ಹವಳದ ದಿಬ್ಬಗಳ ಪಾಲು ಶೇಕಡಾ ಒಂದಕ್ಕಿಂತ ಕಡಿಮೆ. ಆದರೆ ಕಡಲ ಜೀವಿಗಳ ಸುಮಾರು ಕಾಲು ಭಾಗ ತಮ್ಮ ಬದುಕಿಗೆ ಅವುಗಳನ್ನು ನೆಚ್ಚಿವೆ. ಊರಿನ ಒಂದು ಮನೆ ಬಿದ್ದರೆ ಕಾಲುಭಾಗದಷ್ಟು ಜನ ಬೀದಿಗೆ ಬಂದರೆ ಹೇಗಿರುತ್ತದೆ, ಹಾಗೆ.

ಚೀಟಿಯಲ್ಲಿ ಬರೆದದ್ದು

ಇನ್ನು ಮಾವನ ಪೊಟ್ಟಣದ ಮಾತು. ಕಡಲ ದಡದ ಅಂಗಡಿಗಳಲ್ಲಿ ಒಣ ಮೀನಿನ ಪಕ್ಕದಲ್ಲೇ ಹವಳದ ತುಂಡು, ಕಡಲಕುದುರೆ, ಕಡಲ ಬೀಸಣಿಗೆ ಮಾರಾಟಕ್ಕೆ ಕಾಣಿಸುವುದುಂಟು. ಇವನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗೆ ಸೇರಿಸಲಾಗಿದೆ. ಕೊಳ್ಳುವುದೂ ಅಪರಾಧ, ಮಾರುವುದೂ ಅಪರಾಧ. ಹತ್ತಿಪ್ಪತ್ತು ರೂಪಾಯಿಯ ಅಲಂಕಾರದ ವಸ್ತುವೆಂದು ತಂದವರಿಗೆ ಇದು ಗೊತ್ತಿರುವುದಿಲ್ಲ. ಹಸುಮೀನನ್ನೂ ಯಾರಾದರೂ ಕೊಳ್ಳುತ್ತಾರೆಂದೇ ಹಿಡಿದು ಒಣಗಿಸುತ್ತಾರೆ. ಮುಂದಿನ ಸಲ ಯಾತ್ರೆಗೆ ಹೋಗುವ ಮಾವಂದಿರಿಗೆ ಮಕ್ಕಳೇ ಹೇಳಬೇಕು, "ಮಾವ, ಚಿತ್ರ ತೆಗೆದು ತನ್ನಿ, ಸಾಕು" ಎಂದು.

ಹುಡುಗಿ ಚೀಟಿ ಬರೆದಳು. ಹೆಸರು: ಉದ್ದ ಕೊಂಬಿನ ಹಸುಮೀನು, ಲ್ಯಾಕ್ಟೋರಿಯಾ ಕಾರ್ನ್ಯೂಟಾ. ಗುರುತು: ಮುಂದೆ ಎರಡು, ಹಿಂದೆ ಎರಡು ಕೊಂಬು, ಆರು ಮೂಲೆಯ ಬಿಲ್ಲೆಗಳ ಪೆಟ್ಟಿಗೆ, ಬೆನ್ನಿನಲ್ಲಿ ದೊಡ್ಡ ಮುಳ್ಳಿಲ್ಲ. ವಾಸಸ್ಥಾನ: ಹವಳದ ದಿಬ್ಬದ ಒಳಗಿನ ಮರಳು, ಕಡಲ ಹುಲ್ಲಿನ ಹರವು. ಸಿಕ್ಕಿದ್ದು: ರಾಮೇಶ್ವರ. ಕೊನೆಗೆ ಇನ್ನೊಂದು ಸಾಲು ಸೇರಿಸಿದಳು. 'ಇದನ್ನು ಕೊಳ್ಳಬೇಡಿ.'

ಮೇಷ್ಟ್ರು ಆ ಕೊನೆಯ ಸಾಲನ್ನು ಎರಡು ಸಲ ಓದುವುದರಲ್ಲಿ ಸಂಶಯವಿಲ್ಲ.

ಇಂತಹ ಆಸಕ್ತಿಯನ್ನು ಮುಂದುವರಿಸಬೇಕೆಂಬ ಮಕ್ಕಳಿಗೆ ದಾರಿ ದೂರವೇನಿಲ್ಲ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದದ್ದು ಮಂಗಳೂರಿನಲ್ಲೇ. ಅಲ್ಲಿಗೆ ಹೋಗುವ ವಯಸ್ಸು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಒಂದು ನೋಟ್ ಪುಸ್ತಕ, ಒಂದು ಪೆನ್ಸಿಲು ಸಾಕು. ನಾಳೆ ಬೆಳಿಗ್ಗೆ ರಸ್ತೆಯಲ್ಲಿ 'ಪೊಂಯ್ ಪೊಂಯ್' ಕೇಳಿದಾಗ ಮೀನು ಕೊಳ್ಳಲು ಹೊರಟ ಅಮ್ಮನ ಹಿಂದೆ ಮಕ್ಕಳೂ ಹೋಗಲಿ. ಪೆಟ್ಟಿಗೆಯೊಳಗೆ ಇಣುಕಿ ಎಷ್ಟು ಬಗೆಯ ಮೀನಿದೆ ಎಂದು ಎಣಿಸಲಿ, ಒಂದೊಂದರ ಹೆಸರು ಕೇಳಲಿ, ಎಲ್ಲಿಂದ ಬಂತೆಂದು ವಿಚಾರಿಸಲಿ. ಮೀನಿನವರಿಗೆ ಪುಸ್ತಕದಲ್ಲಿ ಇಲ್ಲದ ಎಷ್ಟೋ ವಿಷಯ ಗೊತ್ತಿರುತ್ತದೆ. ಶಾಲೆಗೆ ಐದು ನಿಮಿಷ ತಡವಾದರೆ ಅಮ್ಮಂದಿರು ಗದರಿಸದಿರಲಿ.